ಉತ್ತರದ ಮೇಪಲ್ ಕಾಡಿನ ವಸಂತದ ಹೂಗಳು: ಯಾವ ಹೂವಿಗೆ ಯಾವ ಹೊತ್ತಿನ ಬೆಳಕು?

ಕಾಡುದಾರಿ, ಆನ್ ಆರ್ಬರ್

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಹತ್ತಿರವಾಗುತ್ತಿದ್ದಂತೆ ನಮ್ಮ ಛಾಯಾಗ್ರಾಹಕರ ಬಳಗದಲ್ಲಿ ಲೆನ್ಸು, ಟ್ರೈಪಾಡು, ಫಿಲ್ಟರುಗಳ ಮಾತು ಶುರುವಾಗುತ್ತದೆ. ಅದರ ಬಗ್ಗೆ ಬಲ್ಲವರು ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅಮೆರಿಕದ ಮಿಶಿಗನ್, ವಿಸ್ಕಾನ್ಸಿನ್, ಮಿನೆಸೊಟ, ಕೆನಡಾದ ಒಂಟಾರಿಯೊಗಳ ಮೇಪಲ್ ಮತ್ತು ಬೀಚ್ ಕಾಡುಗಳಲ್ಲಿ ಹೂವಿನ ಚಿತ್ರ ಕೆಡುವುದಕ್ಕೆ ಬಹುಮಟ್ಟಿಗೆ ಕಾರಣ ಹೊತ್ತು ತಪ್ಪಿ ಹೋಗುವುದು ಎಂದು ನನಗೆ ಅನ್ನಿಸಿರುವುದರಿಂದ, ಈ ಸಲ ಆ ವಿಷಯವನ್ನೇ ಚರ್ಚೆಗೆ ಇಡುತ್ತಿದ್ದೇನೆ.

ಇಲ್ಲಿನ ಕಾಡಿನಲ್ಲಿ ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಹಿಮ ಕರಗುತ್ತದೆ. ಮೇ ತಿಂಗಳ ನಡುವಿನ ಹೊತ್ತಿಗೆ ಮರಗಳು ಎಲೆ ಬಿಟ್ಟು ನೆಲಕ್ಕೆ ನೆರಳು ಕವಿಸಿಬಿಡುತ್ತವೆ. ನಡುವೆ ಸಿಗುವ ಕೆಲವೇ ವಾರಗಳ ಬಿಸಿಲನ್ನು ನೆಚ್ಚಿಕೊಂಡು ಒಂದಷ್ಟು ಪುಟ್ಟ ಗಿಡಗಳು ಮೊಳೆತು, ಹೂಬಿಟ್ಟು, ಬೀಜ ಕಟ್ಟಿ, ಮುಂದಿನ ವರ್ಷದ ಆಹಾರವನ್ನು ಗೆಡ್ಡೆಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಸ್ಪ್ರಿಂಗ್ ಬ್ಯೂಟಿ, ಡಚ್‌ಮನ್ಸ್ ಬ್ರೀಚಸ್, ಟ್ರೌಟ್ ಲಿಲಿಗಳಂತೂ ಜೂನ್ ಮುಗಿಯುವಷ್ಟರಲ್ಲಿ ಎಲೆ ಸಮೇತ ನೆಲದ ಮೇಲಿನಿಂದ ಕಾಣೆಯಾಗಿರುತ್ತವೆ. ಹೂಗಳಿಗೂ ಒಂದು ಸರದಿ ಇದೆ. ನಮ್ಮ ಕಡೆ ಮೊದಲು ಹೆಪಾಟಿಕಾ, ಅದರ ಬೆನ್ನಿಗೇ ಬ್ಲಡ್‌ರೂಟ್ ಮತ್ತು ಸ್ಪ್ರಿಂಗ್ ಬ್ಯೂಟಿ, ಆಮೇಲೆ ಡಚ್‌ಮನ್ಸ್ ಬ್ರೀಚಸ್, ಹಳದಿ ಟ್ರೌಟ್ ಲಿಲಿ, ಕೊನೆಗೆ ಮೇ ಮೊದಲೆರಡು ವಾರಗಳಲ್ಲಿ ಬಿಳಿ ಟ್ರಿಲಿಯಂ.

ಈಗ ನನ್ನ ತಕರಾರಿಗೆ ಬರುತ್ತೇನೆ. ಹೂವಿನ ಛಾಯಾಗ್ರಹಣ ಕಲಿಸುವವರೆಲ್ಲ ಬೆಳಗಿನ ಜಾವ ಹೋಗಿ, ಇಲ್ಲವೇ ಮೋಡ ಮುಸುಕಿದ ದಿನ ಹೋಗಿ ಎನ್ನುತ್ತಾರೆ. ಗಾಳಿ ಇರುವುದಿಲ್ಲ, ಬೆಳಕು ಮೃದುವಾಗಿರುತ್ತದೆ ಎಂಬುದು ನಿಜ. ಆದರೆ ಹೆಪಾಟಿಕಾ, ಬ್ಲಡ್‌ರೂಟ್, ಸ್ಪ್ರಿಂಗ್ ಬ್ಯೂಟಿ, ಟ್ರೌಟ್ ಲಿಲಿ ಈ ನಾಲ್ಕೂ ರಾತ್ರಿಯಲ್ಲೂ ಮೋಡ ಕವಿದಾಗಲೂ ಮುಚ್ಚಿಕೊಳ್ಳುವ ಹೂಗಳು. ಏಪ್ರಿಲ್‌ನ ಚಳಿ ಬೆಳಗಿನಲ್ಲಿ ಏಳು ಗಂಟೆಗೆ ಹೋದರೆ ಮುದುಡಿದ ಮೊಗ್ಗುಗಳೇ ಸಿಗುತ್ತವೆ. ಅವು ಪೂರ್ತಿ ಅರಳಿ ನಿಲ್ಲುವುದು ಬಿಸಿಲೇರಿದ ಮೇಲೆ, ಅಂದರೆ ನಮ್ಮ ಪಾಠಗಳು ಕ್ಯಾಮೆರಾವನ್ನು ಚೀಲಕ್ಕೆ ಸೇರಿಸಿ ಎನ್ನುವ ವೇಳೆಯಲ್ಲಿ. ಟ್ರಿಲಿಯಂ ಮತ್ತು ಡಚ್‌ಮನ್ಸ್ ಬ್ರೀಚಸ್ ಹಾಗೆ ಮುಚ್ಚಿಕೊಳ್ಳುವುದಿಲ್ಲವಾದ್ದರಿಂದ ಅವುಗಳಿಗೆ ಬೆಳಗಿನ ಜಾವದ ನಿಯಮವೇ ಸರಿ. ಹೀಗಿರುವಾಗ ಎಲ್ಲ ಹೂಗಳಿಗೂ ಒಂದೇ ವೇಳಾಪಟ್ಟಿ ಹಿಡಿದು ಹೊರಡುವುದು ಸರಿಯೇ? ತಮ್ಮೆಲ್ಲರ ಅನುಭವ ತಿಳಿಸಬೇಕಾಗಿ ವಿನಂತಿ.

ನೆರಳುಬೆಳಕು, ಷಿಕಾಗೊ

ಕಾಡುದಾರಿ ಅವರ ಮಾತಿನಲ್ಲಿ ಹುರುಳಿದೆ, ಆದರೆ ಪೂರ್ತಿ ಒಪ್ಪಲಾರೆ. ಎಲೆಯಿಲ್ಲದ ಕಾಡಿನ ನಡುಹಗಲ ಬಿಸಿಲು ಎಷ್ಟು ಕ್ರೂರವಾದದ್ದು ಎಂಬುದನ್ನು ಅವರು ಹೇಳಲಿಲ್ಲ. ಮರದ ಬೊಡ್ಡೆಗಳ ನೆರಳು ನೆಲದ ಮೇಲೆ ಕಪ್ಪು ಪಟ್ಟೆಗಳಾಗಿ ಬಿದ್ದಿರುತ್ತದೆ. ಹೂವಿನ ಅರ್ಧ ದಳ ಬಿಸಿಲಿನಲ್ಲಿ, ಇನ್ನರ್ಧ ನೆರಳಿನಲ್ಲಿ, ಹಿಂದಿನ ಒಣ ಎಲೆಗಳು ಗಾಜಿನಂತೆ ಮಿರುಗುತ್ತಿರುತ್ತವೆ. ಇಂಥ ಚಿತ್ರವನ್ನು ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಎಷ್ಟು ತಿದ್ದಿದರೂ ಅದು ನೋಡುವಂತಾಗುವುದಿಲ್ಲ. ಅಲ್ಲದೆ ಮೋಡದ ದಿನದಲ್ಲೂ ಚೆನ್ನಾಗಿ ಅರಳಿದ ಬ್ಲಡ್‌ರೂಟ್ ಚಿತ್ರಗಳು ನನ್ನ ಬಳಿ ಇವೆ. ಮೋಡ ಕಂಡೊಡನೆ ಹೂವು ಮುಚ್ಚಿಯೇ ಬಿಡುತ್ತದೆ ಎಂಬುದು ಅತಿಶಯದ ಮಾತು.

ಸಸ್ಯಪ್ರಿಯ, ಮ್ಯಾಡಿಸನ್

ಇಬ್ಬರ ಮಾತೂ ಸರಿಯೇ. ನಡುವೆ ಬಿಟ್ಟುಹೋಗಿರುವುದು ತಾಪಮಾನ. ಹೂವು ಅರಳುವುದಕ್ಕೆ ಬೆಳಕಿನಷ್ಟೇ ಬಿಸುಪೂ ಕಾರಣ. ಚಳಿಯಲ್ಲಿ ಜೇನು, ದುಂಬಿ, ಹೂನೊಣಗಳು ಹಾರುವುದಿಲ್ಲ. ಹಾರದ ಹೊತ್ತಿನಲ್ಲಿ ಹೂವು ತೆರೆದಿಟ್ಟುಕೊಂಡರೆ ಪರಾಗ ನೆನೆದು ಹಾಳಾಗುತ್ತದೆ. ತೆಳುಮೋಡವಿದ್ದು ಗಾಳಿ ಬೆಚ್ಚಗಿದ್ದ ದಿನ ಬ್ಲಡ್‌ರೂಟ್ ಅರಳಿಯೇ ಇರುತ್ತದೆ, ನೆರಳುಬೆಳಕು ಅವರಿಗೆ ಸಿಕ್ಕಿದ್ದು ಬಹುಶಃ ಅಂಥ ದಿನ. ಮಳೆ ಕಟ್ಟಿದ ತಣ್ಣನೆಯ ಮೋಡದ ದಿನ ಅದೇ ಹೂವು ಎದ್ದು ನೋಡುವುದಿಲ್ಲ. ಆದ್ದರಿಂದ ಹವಾಮಾನ ವರದಿಯಲ್ಲಿ ಮೋಡದ ಜೊತೆಗೆ ಉಷ್ಣಾಂಶವನ್ನೂ ನೋಡಿಕೊಂಡು ಹೊರಡುವುದು ಒಳ್ಳೆಯದು.

ಬ್ಲಡ್‌ರೂಟ್ ವಿಷಯದಲ್ಲಿ ಇನ್ನೊಂದು ತುರ್ತೂ ಇದೆ. ಪರಾಗಸ್ಪರ್ಶವಾದ ಮೇಲೆ ಅದರ ಬಿಳಿ ದಳಗಳು ಒಂದೆರಡು ದಿನದಲ್ಲಿ ಉದುರಿಹೋಗುತ್ತವೆ. ಜೋರು ಮಳೆ ಬಂದರೆ ಅದೇ ಸಂಜೆ ಖಾಲಿ. ಅದರಲ್ಲಿ ಮಕರಂದವೂ ಇಲ್ಲ. ಕೀಟಗಳು ಬರುವುದು ಪರಾಗಕ್ಕಾಗಿ ಮಾತ್ರ. ಯಾವ ಕೀಟವೂ ಬಾರದಿದ್ದರೆ ಕೆಲವು ದಿನ ಕಾದು ಕೇಸರಗಳು ತಾವೇ ಒಳಕ್ಕೆ ಬಾಗಿ ಶಲಾಕಾಗ್ರವನ್ನು, ಅಂದರೆ ಹೂವಿನ ಹೆಣ್ಣು ಭಾಗದ ತುದಿಯನ್ನು, ಮುಟ್ಟುತ್ತವೆ. ಹೀಗಾಗಿ ಈ ಹೂವಿಗೆ ವಾರಾಂತ್ಯದವರೆಗೆ ಕಾಯುತ್ತೇನೆ ಎನ್ನುವವರು ದಳವಿಲ್ಲದ ಕಾಯಿಯ ಚಿತ್ರ ತೆಗೆಯಲು ಸಿದ್ಧರಾಗಿರಬೇಕು.

ಮುಚ್ಚಿದ ಹೂವು ಕೆಲಸಕ್ಕೆ ಬಾರದು ಎಂಬ ಧ್ವನಿ ಮಾತ್ರ ನನಗೆ ಹಿಡಿಸಲಿಲ್ಲ. ಬ್ಲಡ್‌ರೂಟ್ ನೆಲದಿಂದ ಮೇಲೇಳುವಾಗ ಒಂದೇ ಎಲೆ ಹೂವಿನ ತೊಟ್ಟನ್ನು ಸುತ್ತಿಕೊಂಡಿರುತ್ತದೆ, ಶಾಲು ಹೊದ್ದ ಹಾಗೆ. ಬೆಳಗಿನ ಹೊತ್ತು ಆ ಸುರುಳಿ ಎಲೆಯ ನಡುವಿನಿಂದ ಬಿಳಿಯ ಮೊಗ್ಗು ಮಾತ್ರ ಇಣುಕುತ್ತಿರುವ ಚಿತ್ರ ಪೂರ್ತಿ ಅರಳಿದ ಹೂವಿಗಿಂತ ಚೆನ್ನಾಗಿರುತ್ತದೆ ಎಂದು ನಾನು ಹೇಳುತ್ತೇನೆ.

ಕಾಡುದಾರಿ, ಆನ್ ಆರ್ಬರ್

ಸಸ್ಯಪ್ರಿಯ ಅವರ ವಿವರಣೆಗೆ ಧನ್ಯವಾದಗಳು. ನಡುಹಗಲ ಬಿಸಿಲಿನ ಕ್ರೌರ್ಯವನ್ನು ನಾನೂ ಅಲ್ಲಗಳೆಯುವುದಿಲ್ಲ. ಅದಕ್ಕೆ ದುಬಾರಿ ಸಾಮಗ್ರಿ ಬೇಕಿಲ್ಲ. ಅರೆಪಾರದರ್ಶಕವಾದ ಬಿಳಿ ಕೊಡೆ ಸಾಕು. ಹೂವಿನ ಮೇಲಷ್ಟೇ ಕೊಡೆ ಹಿಡಿದು ಹಿನ್ನೆಲೆಯನ್ನು ಬಿಸಿಲಿನಲ್ಲೇ ಬಿಟ್ಟರೆ ಹಿನ್ನೆಲೆ ಬೆಳ್ಳಗೆ ಸುಟ್ಟುಹೋಗುತ್ತದೆ, ಹಾಗಾಗಿ ಹಿಂದಿನ ಎಲೆಗಳೂ ಕೊಡೆಯ ನೆರಳಿಗೆ ಬರುವ ಕೋನವನ್ನು ಹುಡುಕಿಕೊಳ್ಳಬೇಕು, ಅಥವಾ ಮರದ ಬೊಡ್ಡೆಯ ನೆರಳು ಬಿದ್ದ ಜಾಗ ಹಿನ್ನೆಲೆಯಾಗುವಂತೆ ಕುಳಿತುಕೊಳ್ಳಬೇಕು. ಎರಡನೆಯದು ಸುಲಭ, ಚಿತ್ರವೂ ಗಾಢವಾಗಿ ಬರುತ್ತದೆ.

ಹೆಪಾಟಿಕಾಕ್ಕೆ ಮಾತ್ರ ನಾನು ಕೊಡೆಯನ್ನು ಬಿಚ್ಚುವುದೇ ಇಲ್ಲ. ಅದರ ತೊಟ್ಟು, ಮೊಗ್ಗು, ಎಳೆಯ ಎಲೆ ಎಲ್ಲದರ ಮೇಲೂ ನವಿರಾದ ಬಿಳಿ ರೋಮ ದಟ್ಟವಾಗಿರುತ್ತದೆ. ಬೆಳಗ್ಗೆ ಹತ್ತರ ಸುಮಾರಿಗೆ ಹೂವು ತೆರೆದುಕೊಳ್ಳುವಾಗ ಸೂರ್ಯ ಇನ್ನೂ ಓರೆಯಲ್ಲಿರುತ್ತಾನೆ. ಹೂವನ್ನು ಸೂರ್ಯನಿಗೂ ನಮಗೂ ನಡುವೆ ಇಟ್ಟುಕೊಂಡು, ಲೆನ್ಸಿಗೆ ನೇರ ಬಿಸಿಲು ಬೀಳದಂತೆ ಕೈ ಅಡ್ಡ ಹಿಡಿದರೆ, ಆ ರೋಮಗಳೆಲ್ಲ ಒಂದೊಂದಾಗಿ ಹೊಳೆದು ತೊಟ್ಟಿನ ಸುತ್ತ ಬೆಳ್ಳಿಯ ಅಂಚು ಕಟ್ಟಿದಂತೆ ಕಾಣುತ್ತದೆ. ಮೋಡದ ದಿನ ಈ ಚಿತ್ರ ಸಿಗುವುದೇ ಇಲ್ಲ.

ಹೊಸಬ, ಟೊರಾಂಟೊ

ಎಲ್ಲರಿಗೂ ವಂದನೆಗಳು. ನನ್ನ ಬಳಿ ಇರುವುದು ಫೋನ್ ಮಾತ್ರ. ನಮ್ಮ ಮನೆಯ ಹತ್ತಿರದ ಕಣಿವೆಯಲ್ಲಿ ಮೇ ತಿಂಗಳಲ್ಲಿ ಬಿಳಿ ಟ್ರಿಲಿಯಂ ರಾಶಿರಾಶಿಯಾಗಿ ಅರಳುತ್ತದೆ. ಅದು ಒಂಟಾರಿಯೊ ಪ್ರಾಂತ್ಯದ ಅಧಿಕೃತ ಹೂವು, 1937ರಿಂದ. ಕಣ್ಣಿಗೆ ದಳದ ಮೇಲಿನ ಗೆರೆಗಳು, ಅಂಚಿನ ಅಲೆಗಳು ಸ್ಪಷ್ಟವಾಗಿ ಕಾಣುತ್ತವೆ. ಫೋನಿನಲ್ಲಿ ಮಾತ್ರ ಹೂವು ಕತ್ತರಿಸಿ ಅಂಟಿಸಿದ ಬಿಳಿ ಕಾಗದದಂತೆ ಬರುತ್ತದೆ. ಇದಕ್ಕೆ ಫೋನನ್ನೇ ಬದಲಾಯಿಸಬೇಕೇ? ಎರಡನೆಯ ಪ್ರಶ್ನೆ: ಕೆಲವು ಟ್ರಿಲಿಯಂಗಳ ದಳದ ನಡುವೆ ಹಸಿರು ಪಟ್ಟೆ ಇರುವುದನ್ನು ನೋಡಿದ್ದೇನೆ. ಅದು ಅಪರೂಪದ ತಳಿಯೇ?

ಹಳೇಫಿಲಂ, ರಾಚೆಸ್ಟರ್, ನ್ಯೂಯಾರ್ಕ್

ಫೋನ್ ಬದಲಾಯಿಸುವ ಅಗತ್ಯವಿಲ್ಲ. ಯಾವ ಕ್ಯಾಮೆರಾವೇ ಆಗಲಿ, ಚೌಕಟ್ಟಿನೊಳಗಿನ ಒಟ್ಟು ಬೆಳಕನ್ನು ನೋಡಿ ಅದು ಮಧ್ಯಮ ಬೂದು ಬಣ್ಣದಷ್ಟಿರಲಿ ಎಂದು ಲೆಕ್ಕ ಹಾಕುತ್ತದೆ. ಟ್ರಿಲಿಯಂ ಚಿತ್ರದಲ್ಲಿ ಹೂವು ಸಣ್ಣದು. ಸುತ್ತಲಿನ ಕಂದು ಎಲೆ, ಕಪ್ಪು ಮಣ್ಣು, ಗಾಢ ಹಸಿರೇ ಹೆಚ್ಚು. ಕ್ಯಾಮೆರಾ ಆ ಕತ್ತಲನ್ನು ಬೂದಿನ ಮಟ್ಟಕ್ಕೆ ಎತ್ತಲು ಹೋಗಿ ಬಿಳಿಯನ್ನು ಸುಟ್ಟುಬಿಡುತ್ತದೆ. ಫೋನಿನಲ್ಲಿ ಹೂವಿನ ಮೇಲೆ ಬೆರಳಿಟ್ಟು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಎರಡೂ ಅಲ್ಲೇ ನಿಲ್ಲುತ್ತವೆ. ಆಮೇಲೆ ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ದಳದ ಗೆರೆಗಳು ಕಾಣುವವರೆಗೆ ಕೆಳಗೆ ಜಾರಿಸಿ. ಕ್ಯಾಮೆರಾ ಇರುವವರು ಬೆಳಕನ್ನು ಏರಿಳಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು ಮೂರನೇ ಎರಡು ಅಥವಾ ಒಂದು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಇಳಿಸಿ, ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಮ್ ಬಲ ಅಂಚಿಗೆ ಬಡಿಯದಂತೆ ನೋಡಿಕೊಳ್ಳಲಿ. ಒಂದೇ ಚುಕ್ಕೆಯ ಬೆಳಕನ್ನು ಅಳೆಯುವ ಸ್ಪಾಟ್ ಮೀಟರ್ ಅನ್ನು ಬಿಳಿ ದಳವೊಂದರ ಮೇಲೇ ಇಟ್ಟವರಿಗೆ ಇದರ ತದ್ವಿರುದ್ಧ: ಆಗ ಕ್ಯಾಮೆರಾ ಬಿಳಿಯನ್ನೇ ಬೂದು ಮಾಡುತ್ತದೆ, ಏರಿಸಬೇಕಾಗುತ್ತದೆ. ರಾ ಕಡತದಲ್ಲಿ (ಕ್ಯಾಮೆರಾ ತಿದ್ದದ ಮೂಲ ಕಡತ) ತೆಗೆದರೆ ನೆರಳನ್ನು ಆಮೇಲೆ ಎತ್ತಬಹುದು, ಸುಟ್ಟ ಬಿಳಿಯನ್ನು ಮರಳಿ ತರಲಾಗದು.

ಇನ್ನೊಂದು ಮಾತು. 2021ರ ಐಫೋನ್ 13 ಪ್ರೊದಲ್ಲಿ ಬಂದಂತೆ ಈಗಿನ ಹಲವು ಫೋನುಗಳಲ್ಲಿ ಮ್ಯಾಕ್ರೋ, ಅಂದರೆ ತೀರ ಹತ್ತಿರದಿಂದ ತೆಗೆಯುವ ಸೌಲಭ್ಯ ಇದೆ. ಅದು ಅಗಲ ನೋಟದ ಲೆನ್ಸಿನಿಂದ ಕೆಲಸ ಮಾಡುವುದರಿಂದ ಹೂವಿಗೆ ಮೂತಿ ತಾಗುವಷ್ಟು ಹತ್ತಿರ ಹೋಗಬೇಕು. ಫೋನಿನದೇ ನೆರಳು ಹೂವಿನ ಮೇಲೆ ಬೀಳುತ್ತದೆ, ಹಿನ್ನೆಲೆಯಲ್ಲಿ ಕಾಡಿನ ಕಸವೆಲ್ಲ ಸೇರಿಕೊಳ್ಳುತ್ತದೆ. ಸ್ಪ್ರಿಂಗ್ ಬ್ಯೂಟಿಯಂಥ ಬೆರಳುಗುರಿನಷ್ಟು ಹೂವಿಗೆ ಅದು ಬೇಕಾಗಬಹುದು. ಟ್ರಿಲಿಯಂಗೆ ದೂರದ್ದನ್ನು ಹತ್ತಿರ ತೋರುವ ಟೆಲಿಫೋಟೊ ಲೆನ್ಸನ್ನು ಆರಿಸಿ, ಎರಡು ಹೆಜ್ಜೆ ಹಿಂದೆ ನಿಂತು ತೆಗೆಯಿರಿ. ಫೋನನ್ನು ತಲೆಕೆಳಗಾಗಿ ಹಿಡಿದು ನೆಲಕ್ಕೆ ಊರಿದರೆ ಲೆನ್ಸುಗಳು ಕೆಳಗೆ ಬಂದು ಹೂವಿನ ಮಟ್ಟಕ್ಕೆ ನಿಲ್ಲುತ್ತವೆ. ಇದೊಂದರಿಂದಲೇ ನಿಮ್ಮ ಚಿತ್ರ ಅರ್ಧ ಸುಧಾರಿಸುತ್ತದೆ.

ಸಸ್ಯಪ್ರಿಯ, ಮ್ಯಾಡಿಸನ್

ಹಸಿರು ಪಟ್ಟೆಯ ಬಗ್ಗೆ: ಅದು ತಳಿಯಲ್ಲ, ರೋಗ. ಫೈಟೊಪ್ಲಾಸ್ಮ ಎಂಬ ಸೂಕ್ಷ್ಮಜೀವಿಯ ಸೋಂಕು ತಗುಲಿದ ಗಿಡದಲ್ಲಿ ದಳಗಳು ಎಲೆಯ ಗುಣ ಪಡೆದು ಹಸಿರಾಗುತ್ತವೆ. ಅಪರೂಪವೆಂದು ಅದನ್ನು ಹುಡುಕಿಕೊಂಡು ಅಲೆಯುವವರೂ, ಕಿತ್ತು ತಂದು ಹಿತ್ತಿಲಲ್ಲಿ ನೆಡುವವರೂ ಇದ್ದಾರೆ. ಚಿತ್ರ ತೆಗೆಯಲು ಅಡ್ಡಿಯಿಲ್ಲ, ಮುಟ್ಟಬೇಡಿ. ದಳ ತಿಳಿ ಗುಲಾಬಿಗೆ ತಿರುಗಿದ್ದರೆ ಅದು ಬರಿಯ ವಯಸ್ಸು. ಬಿಳಿಯ ಟ್ರಿಲಿಯಂ ಬಾಡುವ ಮುನ್ನ ಹಾಗಾಗುತ್ತದೆ. ಕಡುಗೆಂಪಾಗಿ ಬಾಗಿ ನಿಂತಿರುವುದು ಬೇರೆಯೇ ಪ್ರಭೇದ. ಅದಕ್ಕೆ ಕೊಳೆತ ಮಾಂಸದ ವಾಸನೆ ಇರುತ್ತದೆ, ನೊಣಗಳಿಗಾಗಿ. ಹೊಸಬ ಅವರು ಮೂಗು ಹತ್ತಿರ ತರುವ ಮುನ್ನ ಯೋಚಿಸಲಿ.

ಕಿತ್ತರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಬೀಜದಿಂದ ಮೊದಲ ಹೂವು ಬರಲು ಬಿಳಿ ಟ್ರಿಲಿಯಂಗೆ ಏಳು ವರ್ಷವಾದರೂ ಬೇಕು, ಎಷ್ಟೋ ಸಲ ಅದಕ್ಕಿಂತ ಹೆಚ್ಚು. ಹೂವನ್ನು ತೊಟ್ಟು ಸಮೇತ ಮುರಿದರೆ ಅದರ ಮೂರು ಎಲೆಗಳೂ ಸಾಮಾನ್ಯವಾಗಿ ಜೊತೆಗೇ ಬರುತ್ತವೆ. ಆ ವರ್ಷದ ಆಹಾರ ತಯಾರಿಸಲು ಗಿಡಕ್ಕೆ ಬೇರೆ ಎಲೆಯೇ ಇರುವುದಿಲ್ಲ.

ಚೌಕಟ್ಟು, ಗ್ರ್ಯಾಂಡ್ ರ್‍ಯಾಪಿಡ್ಸ್

ಬೆಳಕಿನ ಮಾತು ಇಷ್ಟು ನಡೆದಿದೆ, ಹಿನ್ನೆಲೆಯ ಮಾತು ಯಾರೂ ಎತ್ತಲಿಲ್ಲ. ನನ್ನ ಅನುಭವದಲ್ಲಿ ವಸಂತದ ಹೂವಿನ ಚಿತ್ರವನ್ನು ಕೆಡಿಸುವುದು ಹಿಂದಿನ ವರ್ಷದ ಒಣ ಎಲೆ ಮತ್ತು ಕಡ್ಡಿಗಳು. ನಾನು ಸಾಮಾನ್ಯವಾಗಿ ಹೂವಿನ ಸುತ್ತ ಒಂದು ಮೊಳದಷ್ಟು ಜಾಗವನ್ನು ಚೊಕ್ಕಟ ಮಾಡಿಕೊಂಡೇ ಕ್ಯಾಮೆರಾ ಇಡುತ್ತೇನೆ. ಹೂವು ಎದ್ದು ಕಾಣುತ್ತದೆ, ಕಣ್ಣು ಬೇರೆಡೆ ಜಾರುವುದಿಲ್ಲ. ನೂರು ಮಿಲಿಮೀಟರ್ ಮ್ಯಾಕ್ರೋ ಲೆನ್ಸ್, ಎಫ್ 11 (ಲೆನ್ಸಿನ ಕಿಂಡಿಯ ಅಂಕ; ಅಂಕ ಇಳಿದಷ್ಟೂ ಕಿಂಡಿ ಅಗಲ, ಹಿನ್ನೆಲೆ ಮಬ್ಬು), ನೆಲಕ್ಕೆ ಅಂಟಿದ ಟ್ರೈಪಾಡ್. ಇಷ್ಟಿದ್ದರೆ ಹೊತ್ತಿನ ಚಿಂತೆ ಅಷ್ಟಾಗಿ ಬೇಕಿಲ್ಲ.

ಸಸ್ಯಪ್ರಿಯ, ಮ್ಯಾಡಿಸನ್

ಚೌಕಟ್ಟು ಅವರೇ, ದಯವಿಟ್ಟು ಈ ಅಭ್ಯಾಸವನ್ನು ಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ನೀವು ಕಸವೆನ್ನುವ ಆ ಎಲೆಯ ಹೊದಿಕೆ ಏಪ್ರಿಲ್ ರಾತ್ರಿಗಳ ಕೊರೆಯುವ ಚಳಿಯಿಂದ ಮೊಳಕೆಗಳನ್ನು ಕಾಪಾಡುತ್ತಿರುತ್ತದೆ. ಅದರಡಿಯಲ್ಲಿ ಇನ್ನೂ ಹೊರಬರದ ಮೊಗ್ಗುಗಳು, ಕಳೆದ ವರ್ಷದ ಬೀಜದಿಂದ ಹುಟ್ಟಿದ ಒಂಟಿ ಎಲೆಯ ಸಸಿಗಳು ಇರುತ್ತವೆ. ಟ್ರಿಲಿಯಂ, ಬ್ಲಡ್‌ರೂಟ್, ಹೆಪಾಟಿಕಾಗಳ ಬೀಜಗಳನ್ನು ಇರುವೆಗಳು ಹೊತ್ತುಕೊಂಡು ಹೋಗಿ ಹರಡುತ್ತವೆ. ಬೀಜಕ್ಕೆ ಅಂಟಿಕೊಂಡ ಕೊಬ್ಬಿನ ತುಣುಕು ಅವುಗಳ ಕೂಲಿ. ಆ ಇಡೀ ವ್ಯವಹಾರ ನಡೆಯುವುದು ಎಲೆಯ ಕೆಳಗೆ.

ಉತ್ತರದ ಈ ಕಾಡುಗಳಲ್ಲಿ ಆ ಹೊದಿಕೆ ಈಗಾಗಲೇ ತೆಳುವಾಗುತ್ತಿದೆ. ಹಿಮಯುಗದ ಹಿಮನದಿಗಳು ಹರಡಿದ್ದ ಈ ಪ್ರದೇಶದಲ್ಲಿ ಸ್ಥಳೀಯ ಎರೆಹುಳುಗಳೇ ಇರಲಿಲ್ಲ. ಯೂರೋಪಿನಿಂದ ಜನರೊಂದಿಗೆ ಬಂದ ಎರೆಹುಳುಗಳು ವರ್ಷಗಟ್ಟಲೆ ಕೂಡಬೇಕಾದ ಎಲೆಯ ಪದರವನ್ನು ಬೇಗಬೇಗನೆ ತಿಂದು ಮುಗಿಸುತ್ತಿವೆ. ನಮ್ಮ ಹೊಲಗದ್ದೆಗಳಲ್ಲಿ ರೈತನ ಮಿತ್ರ ಎನ್ನಿಸಿಕೊಂಡ ಹುಳು ಇಲ್ಲಿನ ಕಾಡಿಗೆ ಶತ್ರುವಾಗಿದೆ. ಅದು ಅಳಿಸಿದ ಮೇಲೆ ಉಳಿದಷ್ಟನ್ನು ನಾವೂ ಗುಡಿಸಬೇಕೇ?

ಚಿತ್ರದ ದೃಷ್ಟಿಯಿಂದಲೂ ಹೇಳುತ್ತೇನೆ. ಹೆಪಾಟಿಕಾದ ಹಳೆಯ ಎಲೆ ಚಳಿಗಾಲವನ್ನೆಲ್ಲ ಹಿಮದಡಿ ಕಳೆದು ಕಂದುಗೆಂಪಾಗಿ ಹೂವಿನ ಬುಡದಲ್ಲೇ ಮಲಗಿರುತ್ತದೆ. ಎಲೆಯ ಹಾಲೆಗಳು ದುಂಡಗಿವೆಯೋ ಚೂಪಾಗಿವೆಯೋ ಎಂಬುದರಿಂದಲೇ ಇಲ್ಲಿನ ಎರಡು ಬಗೆಯ ಹೆಪಾಟಿಕಾಗಳನ್ನು ಬೇರ್ಪಡಿಸುತ್ತೇವೆ. ಕಸವೆಂದು ಅದನ್ನು ಕಿತ್ತೆಸೆದರೆ ಹೂವಿನ ಗುರುತೇ ಹೋಯಿತು. ಮೇಪಲ್‌ನ ಒಣ ಎಲೆಯೊಂದನ್ನು ಬ್ಲಡ್‌ರೂಟ್ ಮೊಗ್ಗು ತೂತು ಮಾಡಿಕೊಂಡು ಅದನ್ನೇ ಕೊರಳಪಟ್ಟಿಯಾಗಿ ಧರಿಸಿ ನಿಂತಿರುವುದನ್ನು ಎಷ್ಟೋ ಕಡೆ ಕಾಣಬಹುದು. ಚೊಕ್ಕಟ ಮಾಡಿದ ನೆಲದಲ್ಲಿ ಇಂಥ ಚಿತ್ರ ಹುಟ್ಟುವುದಿಲ್ಲ.

ಚೌಕಟ್ಟು, ಗ್ರ್ಯಾಂಡ್ ರ್‍ಯಾಪಿಡ್ಸ್

ಎರೆಹುಳುವಿನ ವಿಷಯ ನನಗೆ ಹೊಸದು, ತಿಳಿಸಿದ್ದಕ್ಕೆ ವಂದನೆಗಳು. ಆದರೂ ಲೆನ್ಸಿನ ಮುಂದೆಯೇ ಅಡ್ಡಬಿದ್ದ ಒಂದು ಕಡ್ಡಿಯನ್ನೂ ಸರಿಸಬಾರದು ಎಂದರೆ ಅದು ಮಡಿವಂತಿಕೆಯಾಗುತ್ತದೆ.

ಕಾಡುದಾರಿ, ಆನ್ ಆರ್ಬರ್

ಬಿಡಿಯಾಗಿ ಬಿದ್ದ ಕಡ್ಡಿಯನ್ನು ಸರಿಸಿ, ಚಿತ್ರವಾದ ಮೇಲೆ ಇದ್ದಲ್ಲೇ ಇಟ್ಟರೆ ಯಾರ ಆಕ್ಷೇಪವೂ ಇರಲಾರದು. ನನಗೆ ಅದಕ್ಕಿಂತ ದೊಡ್ಡ ಚಿಂತೆ ಮೊಣಕಾಲಿನದು. ಟ್ರೌಟ್ ಲಿಲಿಯ ಹಾಸಿನಲ್ಲಿ ಹೂಬಿಟ್ಟ ಗಿಡಗಳು ಕೆಲವೇ. ಉಳಿದವೆಲ್ಲ ಒಂದೇ ಎಲೆಯ, ಹೂಬಿಡುವ ವಯಸ್ಸಿಗೆ ಬಾರದ ಗಿಡಗಳು. ಒಂದು ಹಳದಿ ಹೂವಿಗಾಗಿ ಒಳಗೆ ನುಗ್ಗಿ ಮಂಡಿಯೂರಿದವನು ವರ್ಷಗಟ್ಟಲೆ ಬೆಳೆದ ಹತ್ತಾರು ಗಿಡಗಳ ಮೇಲೆ ಕುಳಿತಿರುತ್ತಾನೆ. ಮ್ಯಾಕ್ರೋ ಲೆನ್ಸ್ ನಮ್ಮನ್ನು ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಎಳೆಯುತ್ತದೆ. ಅದಕ್ಕಾಗಿಯೇ ನಾನು ಈಗ ಹೆಚ್ಚಾಗಿ ದೂರದಿಂದ ತೆಗೆಯುವ 70–300 ಮಿಲಿಮೀಟರ್ ಲೆನ್ಸನ್ನೇ ಒಯ್ಯುತ್ತೇನೆ. ಕಾಲುದಾರಿಯ ಅಂಚಿನಲ್ಲಿ ಚಾಪೆ ಹಾಸಿ, ಹೊಟ್ಟೆಯ ಮೇಲೆ ಮಲಗಿ, ಕ್ಯಾಮೆರಾವನ್ನು ಕಾಳು ತುಂಬಿದ ಚೀಲದ ಮೇಲಿಟ್ಟು, 300ರ ತುದಿಯಲ್ಲಿ ಎಫ್ 5.6ಕ್ಕೆ ತೆಗೆದರೆ ಒಣ ಎಲೆಗಳು ಕಂದು ಬಣ್ಣದ ಮಬ್ಬಾಗಿ ಕರಗಿಹೋಗುತ್ತವೆ. ಚೌಕಟ್ಟು ಅವರು ಕೈಯಿಂದ ಮಾಡುವ ಕೆಲಸವನ್ನು ಲೆನ್ಸು ಮಾಡಿಕೊಡುತ್ತದೆ. ಎಫ್ 11ರಲ್ಲಿ ಅದೇ ಎಲೆಗಳು ಒಂದೊಂದಾಗಿ ಎದ್ದು ಕಾಣುವುದರಿಂದಲೇ ಅವರಿಗೆ ಗುಡಿಸುವ ಪ್ರಸಂಗ ಬರುತ್ತಿದೆ ಎಂದು ನನ್ನ ಅನುಮಾನ.

ನೆರಳುಬೆಳಕು, ಷಿಕಾಗೊ

ದೂರದ ಲೆನ್ಸು ಎಲ್ಲಕ್ಕೂ ಆಗುವುದಿಲ್ಲ ಎಂಬುದನ್ನು ಸೇರಿಸುತ್ತೇನೆ. ಸ್ಪ್ರಿಂಗ್ ಬ್ಯೂಟಿಯನ್ನು ತೆಗೆದುಕೊಳ್ಳಿ. ಐದು ಬಿಳಿ ದಳ, ಅವುಗಳ ಮೇಲೆ ಗುಲಾಬಿ ಗೆರೆ. ಅರಳಿದ ಮೊದಲ ದಿನ ಗುಲಾಬಿ ಪರಾಗದ ಐದು ಕೇಸರಗಳು ನಡುವೆ ನೆಟ್ಟಗೆ ನಿಂತಿರುತ್ತವೆ. ಆಮೇಲೆ ಅವು ದಳಗಳ ಮೇಲೆ ಹಿಂದಕ್ಕೆ ಒರಗಿಕೊಂಡು, ನಡುವಿನ ಶಲಾಕಾಗ್ರ ಮೂರಾಗಿ ಸೀಳಿ ತೆರೆದುಕೊಳ್ಳುತ್ತದೆ. ಮೊದಲು ಗಂಡು, ನಂತರ ಹೆಣ್ಣು. ಪಕ್ಕಪಕ್ಕದ ಎರಡು ಹೂಗಳಲ್ಲಿ ಎರಡೂ ಅವಸ್ಥೆ ಒಟ್ಟಿಗೆ ಸಿಗುವುದುಂಟು, ಆದರೆ ಅದನ್ನು ತೋರಿಸಲು ಮ್ಯಾಕ್ರೋವೇ ಬೇಕು. ಈ ಹೂವಿನ ಪರಾಗವನ್ನೇ ನೆಚ್ಚಿಕೊಂಡ ಆಂಡ್ರೀನಾ ಎರಿಜೀನಿಯೆ ಎಂಬ ಪುಟ್ಟ ಒಂಟಿ ಜೇನು ಇದೆ. ಹಿಂಗಾಲುಗಳಿಗೆ ಗುಲಾಬಿ ಹಿಟ್ಟು ಮೆತ್ತಿಕೊಂಡು ಹೂವಿನಿಂದ ಹೂವಿಗೆ ಹಾರುತ್ತದೆ. ಅದರ ಚಿತ್ರ ಸಿಗಬೇಕಾದರೆ ಬಿಸಿಲಿನ ನಡುಹಗಲಿಗೇ ಹೋಗಬೇಕು. ಈ ವಿಷಯದಲ್ಲಿ ಕಾಡುದಾರಿ ಅವರಿಗೆ ನಾನು ಸೋತಿದ್ದೇನೆ.

ದೊಡ್ಡಕಾಡು, ಮಿನಿಯಾಪೊಲಿಸ್

ಮಿನೆಸೊಟದವರ ಪರವಾಗಿ ಒಂದು ಹೂವಿನ ಹೆಸರು ಹೇಳಲೇಬೇಕು. ಡ್ವಾರ್ಫ್ ಟ್ರೌಟ್ ಲಿಲಿ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಆಗ್ನೇಯ ಮಿನೆಸೊಟದ ಕೆಲವು ಕಾಡಿನ ಇಳಿಜಾರುಗಳಲ್ಲಿ ಮಾತ್ರ ಇದೆ. 1871ರಲ್ಲಿ ಹಾರ್ವರ್ಡ್‌ನ ಸಸ್ಯವಿಜ್ಞಾನಿ ಏಸಾ ಗ್ರೇ ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟರು. 1986ರಿಂದ ಅದು ಅಮೆರಿಕದ ಕೇಂದ್ರ ಸರ್ಕಾರದ ಅಳಿವಿನಂಚಿನ ಸಸ್ಯಗಳ ಪಟ್ಟಿಯಲ್ಲಿದೆ. ಹೂವು ಒಂದು ಸೆಂಟಿಮೀಟರಿನ ಆಸುಪಾಸು, ಪಕ್ಕದಲ್ಲೇ ಬೆಳೆಯುವ ಬಿಳಿ ಟ್ರೌಟ್ ಲಿಲಿಯ ಮುಂದೆ ಮರಿಯಂತೆ ಕಾಣುತ್ತದೆ. ಬೀಜ ಕಟ್ಟುವುದು ತೀರ ಅಪರೂಪ. ಹೂಬಿಟ್ಟ ಗಿಡದ ನೆಲದೊಳಗಿನ ಕಾಂಡದಿಂದ ಕವಲೊಡೆದು ಹೊಸ ಗೆಡ್ಡೆ ಕಟ್ಟುವುದರಿಂದಲೇ ಅದರ ಸಂತಾನ ಮುಂದುವರಿಯುತ್ತದೆ. ಹಾಗಾಗಿ ಒಂದು ಹೂಬಿಟ್ಟ ಗಿಡವನ್ನು ತುಳಿದರೆ ಎಷ್ಟು ನಷ್ಟವೆಂದು ನೀವೇ ಊಹಿಸಿಕೊಳ್ಳಿ.

ನರ್‌ಸ್ಟ್ರ್ಯಾಂಡ್ ಬಿಗ್ ವುಡ್ಸ್ ರಾಜ್ಯ ಉದ್ಯಾನದಲ್ಲಿ ಏಪ್ರಿಲ್ ಕೊನೆಯಿಂದ ಮೇ ಮೊದಲವರೆಗೆ ದಾರಿ ಬಿಡದೆಯೇ ಅದನ್ನು ನೋಡಬಹುದು. ದಾರಿಯಿಂದ ಕೆಳಗಿಳಿಯಬೇಡಿ, ಚಿತ್ರ ಹಂಚುವಾಗ ನಿಖರವಾದ ಸ್ಥಳ ಬರೆಯಬೇಡಿ. ಗಿಡ, ಪ್ರಾಣಿಗಳ ಚಿತ್ರ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್‌ನಂಥ ತಾಣಗಳು ಅಪಾಯದಲ್ಲಿರುವ ಪ್ರಭೇದಗಳ ಜಾಗವನ್ನು ತಾವೇ ಮಸುಕುಗೊಳಿಸುತ್ತವೆ. ನಮ್ಮ ವಾಟ್ಸ್ಯಾಪ್ ಗುಂಪುಗಳು ಹಾಗೆ ಮಾಡುವುದಿಲ್ಲ. ದೂರ ಹೋಗಲಾಗದವರಿಗೆ ನಮ್ಮ ಊರೊಳಗೇ 1907ರಲ್ಲಿ ಶುರುವಾದ ಎಲೊಯಿಸ್ ಬಟ್ಲರ್ ಕಾಡುಹೂವಿನ ತೋಟ ಇದೆ. ಅಲ್ಲಿ ಗಿಡಗಳಿಗೆ ಹೆಸರಿನ ಫಲಕಗಳಿರುವುದರಿಂದ ಗುರುತು ಹಿಡಿಯುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಹಳೇಫಿಲಂ, ರಾಚೆಸ್ಟರ್, ನ್ಯೂಯಾರ್ಕ್

ಟ್ರೌಟ್ ಲಿಲಿಯ ಮಾತು ಬಂದದ್ದರಿಂದ ಹೊಳಪು ತಗ್ಗಿಸುವ ಫಿಲ್ಟರಾದ ಪೋಲರೈಜರ್ ಬಗ್ಗೆ ಒಂದು ಸಾಲು. ಅದರ ಎಲೆಯ ಮೇಲಿನ ಕಂದು ಮಚ್ಚೆಗಳು ಅರ್ಧ ಚಿತ್ರ, ಆದರೆ ಎಲೆ ನುಣುಪಾದ್ದರಿಂದ ಆಕಾಶದ ಬಿಳುಪು ಅದರ ಮೇಲೆ ಬಿದ್ದು ಮಚ್ಚೆಗಳನ್ನು ಅಳಿಸುತ್ತದೆ. ಪೋಲರೈಜರ್ ತಿರುಗಿಸುತ್ತಾ ಹೋದಂತೆ ಬಿಳುಪು ಕಳೆದು ಮಚ್ಚೆ ಮೂಡುತ್ತದೆ. ಮಳೆ ಬಂದು ನಿಂತ ಮೇಲಂತೂ ಇದಿಲ್ಲದೆ ನಡೆಯದು. ಒಂದೂವರೆ ಸ್ಟಾಪಿನಷ್ಟು ಬೆಳಕು ಕಡಿಮೆಯಾಗಿ ಚಿತ್ರಕ್ಕೆ ಹೆಚ್ಚು ಹೊತ್ತು ಹಿಡಿಯುವುದರಿಂದ ಗಾಳಿಗೆ ಹೂವು ಅಲುಗದಂತೆ ಗಮನವಿರಲಿ.

ದಿನಚರಿ, ಬಾಸ್ಟನ್

ಹೊತ್ತಿನ ಚರ್ಚೆಯಲ್ಲಿ ಗಂಟೆಗಳ ಲೆಕ್ಕವಾಯಿತು, ದಿನಗಳ ಲೆಕ್ಕವೂ ಆಗಬೇಕು. ನಮ್ಮ ಹತ್ತಿರದ ಕಾಂಕರ್ಡ್‌ನಲ್ಲಿ ಲೇಖಕ ಹೆನ್ರಿ ಡೇವಿಡ್ ಥೋರೊ 1852ರಿಂದ 1858ರವರೆಗೆ ಯಾವ ಹೂವು ಯಾವ ದಿನ ಮೊದಲು ಅರಳಿತೆಂದು ಬರೆದಿಟ್ಟಿದ್ದರು. ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರೈಮ್ಯಾಕ್ ಮತ್ತು ಅಬ್ರಹಾಂ ಮಿಲ್ಲರ್-ರಶಿಂಗ್ ಅವರು ಈ ಶತಮಾನದ ಮೊದಲ ದಶಕದಲ್ಲಿ ಅದೇ ಜಾಗಗಳಲ್ಲಿ ಮತ್ತೆ ಗಮನಿಸಿದಾಗ, ಸಾಮಾನ್ಯ ಹೂಗಳು ಸರಾಸರಿ ಒಂದು ವಾರ ಬೇಗ ಅರಳುತ್ತಿರುವುದು ಕಂಡುಬಂತು. ಮರಗಳು ಇನ್ನೂ ಆತುರದಲ್ಲಿವೆ. ಥೋರೊ ಕಾಲಕ್ಕಿಂತ ಸುಮಾರು ಎರಡು ವಾರ ಮೊದಲೇ ಅವು ಎಲೆ ಬಿಡುತ್ತಿವೆ. ಹಾಗೆಂದರೆ ಕಾಡುದಾರಿ ಅವರು ಮೊದಲಿಗೆ ಹೇಳಿದ ಆ ಬಿಸಿಲಿನ ವಾರಗಳು ಎರಡೂ ಕಡೆಯಿಂದ ಸರಿಸಮವಾಗಿ ಜರುಗುತ್ತಿಲ್ಲ, ಹೂವಿಗೆ ಸಿಗುವ ಪಾಲು ಕಿರಿದಾಗುತ್ತಿದೆ. ಹತ್ತು ವರ್ಷದ ಹಿಂದಿನ ಚಿತ್ರದ ತಾರೀಖು ನೋಡಿಕೊಂಡು ಈ ವರ್ಷ ರಜೆ ಹಾಕುವವರು ಇದನ್ನು ಗಮನಿಸಬೇಕು.

ಇದೇ ಕಾರಣಕ್ಕೆ ನಮ್ಮ ಚಿತ್ರಗಳ ದಿನಾಂಕಕ್ಕೆ ಬೆಲೆ ಇದೆ, ದಿನಾಂಕ ಸರಿಯಾಗಿದ್ದರೆ. ಬೆಂಗಳೂರಿನಲ್ಲಿ ಕೊಂಡ ಕ್ಯಾಮೆರಾಗಳಲ್ಲಿ ಭಾರತದ ಸಮಯವೇ ಉಳಿದುಬಿಟ್ಟಿರುತ್ತದೆ. ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಬೇಸಿಗೆಯ ತಿಂಗಳುಗಳಲ್ಲಿ ಇಲ್ಲಿಗೂ ಅಲ್ಲಿಗೂ ಒಂಬತ್ತೂವರೆ ಗಂಟೆ ಅಂತರ. ಏಪ್ರಿಲ್ 30ರ ಮಧ್ಯಾಹ್ನ ಮೂರಕ್ಕೆ ತೆಗೆದ ಚಿತ್ರ ಮೇ 1 ಎಂದು ದಾಖಲಾಗುತ್ತದೆ. ಹೊರಡುವ ಮುನ್ನ ಗಡಿಯಾರ ಸರಿಪಡಿಸಿಕೊಳ್ಳಿ.

ಮಲೆನಾಡಿಗ, ತೀರ್ಥಹಳ್ಳಿ

ಎಲ್ಲರ ಬರಹವನ್ನೂ ಆಸಕ್ತಿಯಿಂದ ಓದಿದೆ. ಮಗನ ಮನೆಗೆಂದು ಈ ಸಲ ಮಿಶಿಗನ್‌ಗೆ ಬರುವವನಿದ್ದೇನೆ, ಆದರೆ ತಲುಪುವುದು ಮೇ 20ರ ನಂತರ. ನಿಮ್ಮ ಲೆಕ್ಕದಂತೆ ಅಷ್ಟರಲ್ಲಿ ಮರಗಳು ಎಲೆ ಬಿಟ್ಟು ಎಲ್ಲವೂ ಮುಗಿದಿರುತ್ತದೆ. ನಮ್ಮ ಕಡೆ ಹೂವಿನ ಚಿತ್ರ ತೆಗೆಯುವುದು ಮಳೆಗಾಲದ ಬೂದು ಬೆಳಕಿನಲ್ಲಿ, ವರ್ಷವಿಡೀ ಹಸಿರಾಗಿರುವ ಕಾಡಿನ ನೆರಳಿನಲ್ಲಿ. ಬೋಳು ಕಾಡಿನ ಬಿಸಿಲು ನನಗೆ ಅಭ್ಯಾಸವಿಲ್ಲ. ನನಗೆ ಏನಾದರೂ ಸಿಗುವ ಸಾಧ್ಯತೆ ಇದೆಯೇ? ಭಾರ ಹೊರುವ ವಯಸ್ಸಲ್ಲ, ಒಂದೇ ಲೆನ್ಸ್ ತರಬಲ್ಲೆ.

ಕಾಡುದಾರಿ, ಆನ್ ಆರ್ಬರ್

ಮಲೆನಾಡಿಗ ಅವರಿಗೆ ನಮಸ್ಕಾರ. ತಾವು ಬರುವ ಹೊತ್ತಿಗೆ ನಮ್ಮ ದಕ್ಷಿಣ ಭಾಗದಲ್ಲಿ ವಸಂತ ಮುಗಿದಿರುತ್ತದೆ, ಉತ್ತರಕ್ಕೆ ಹೋದರೆ ಅದು ಮತ್ತೆ ಸಿಗುತ್ತದೆ. ಸುಪೀರಿಯರ್ ಸರೋವರದ ತಣ್ಣನೆಯ ನೀರು ಸುತ್ತಲಿನ ದಡವನ್ನು ಬೇಗ ಬೆಚ್ಚಗಾಗಲು ಬಿಡುವುದಿಲ್ಲ. ಮಿಶಿಗನ್ನಿನ ಉತ್ತರ ಭಾಗವಾದ ಅಪ್ಪರ್ ಪೆನಿನ್ಸುಲಾದ ಪಾರ್ಕ್ಯುಪೈನ್ ಮೌಂಟನ್ಸ್, ಕೀವಿನಾ ಕಡೆ ಮೇ ಕೊನೆಯ ವಾರ, ಕೆಲವು ವರ್ಷ ಜೂನ್ ಮೊದಲ ವಾರದಲ್ಲೂ ಟ್ರಿಲಿಯಂ ಸಿಗುತ್ತದೆ. ಅಷ್ಟು ದೂರದ ಪ್ರಯಾಣ ಬೇಡವೆಂದರೆ ಮಿಶಿಗನ್ ಮತ್ತು ಹ್ಯೂರನ್ ಸರೋವರಗಳ ಉತ್ತರದ ದಂಡೆಗಳಲ್ಲಿ ಡ್ವಾರ್ಫ್ ಲೇಕ್ ಐರಿಸ್ ಅದೇ ಸಮಯಕ್ಕೆ ನೀಲಿಯಾಗಿ ಹರಡಿಕೊಂಡಿರುತ್ತದೆ. 1998ರಿಂದ ಅದು ಮಿಶಿಗನ್ನಿನ ಅಧಿಕೃತ ಕಾಡುಹೂವು. ಗೇಣುದ್ದವೂ ಇಲ್ಲದ ಗಿಡವಾದ್ದರಿಂದ ನೆಲಕ್ಕೆ ಮಲಗದೆ ಚಿತ್ರ ಬರುವುದಿಲ್ಲ. ಜೂನ್ ಮೂರನೇ ವಾರದವರೆಗೆ ಇರುವುದಾದರೆ ಮಿನೆಸೊಟದ ರಾಜ್ಯಪುಷ್ಪವಾದ ಶೋಯಿ ಲೇಡಿ ಸ್ಲಿಪ್ಪರ್ ಆರ್ಕಿಡ್ ಕೂಡ ನಮ್ಮ ಜೌಗುಗಳಲ್ಲಿ ಅರಳಿರುತ್ತದೆ. ಅದರ ರೋಮಭರಿತ ಎಲೆ ತಗುಲಿದರೆ ಕೆಲವರಿಗೆ ತುರಿಕೆ ಏಳುತ್ತದೆ, ದೂರದಿಂದಲೇ ತೆಗೆಯಿರಿ.

ಮನೆಯ ಹತ್ತಿರದ ಕಾಡಿನಲ್ಲೂ ತಮಗೆ ಒಬ್ಬ ಪರಿಚಿತ ಸಿಗುತ್ತಾನೆ. ಜ್ಯಾಕ್ ಇನ್ ದ ಪಲ್ಪಿಟ್ ನಮ್ಮ ಕೆಸು, ಸುವರ್ಣಗೆಡ್ಡೆಗಳ ಕುಟುಂಬದ್ದು. ಪಶ್ಚಿಮಘಟ್ಟದಲ್ಲಿ ಮಳೆ ಹಿಡಿದಾಗ ಹಾವಿನ ಹೆಡೆಯಂಥ ಹೂಹೊದಿಕೆ ಎತ್ತಿ ನಿಲ್ಲುವ ಅರಿಸೀಮಾಗಳ ಜಾತಿಯೇ ಇದು. ಗೆಡ್ಡೆಯಲ್ಲಿ ಆಹಾರ ಕಡಿಮೆಯಿದ್ದ ವರ್ಷ ಗಂಡು ಹೂವು, ಚೆನ್ನಾಗಿ ಕೂಡಿದ ವರ್ಷ ಹೆಣ್ಣು ಹೂವು ಬಿಡುತ್ತದೆ. ಇದು ನೆರಳಿನಲ್ಲೇ ಅರಳುವುದರಿಂದ ತಮ್ಮ ಮಳೆಗಾಲದ ಅಭ್ಯಾಸ ಇಲ್ಲಿ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಹೆಡೆಯ ಒಳಗಿನ ಕಂದು ಪಟ್ಟೆಗಳು ಕಾಣಬೇಕಾದರೆ ಹೂವಿನ ಹಿಂದಿನಿಂದ ಬೆಳಕು ಬರುವ ಕಡೆ ಕುಳಿತು, ಮುಂದೆ ಒಂದು ಬಿಳಿ ರಟ್ಟನ್ನು ಓರೆಯಾಗಿ ಹಿಡಿಯಿರಿ.

ಉಣುಗಿನ ಬಗ್ಗೆ ತೀರ್ಥಹಳ್ಳಿಯವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಮಂಗನ ಕಾಯಿಲೆ ಹರಡುವಂತೆ ಇಲ್ಲಿ ಜಿಂಕೆ ಉಣುಗು ಲೈಮ್ ಎಂಬ ಕಾಯಿಲೆ ಹರಡುತ್ತದೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಿ, ಮನೆಗೆ ಬಂದ ಕೂಡಲೇ ಮೈ ಪರೀಕ್ಷಿಸಿಕೊಳ್ಳಿ. ಬೂಟಿನ ಅಡಿಗೆ ಮೆತ್ತಿದ ಮಣ್ಣನ್ನು ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ಗಾರ್ಲಿಕ್ ಮಸ್ಟರ್ಡ್ ಎಂಬ ಕಳೆಯ ಬೀಜ ಅದರಲ್ಲೇ ಸಾಗುತ್ತದೆ. ಲೆನ್ಸ್ ಒಂದೇ ಎಂದಾದರೆ 70–300 ತನ್ನಿ. ಬಿಳಿ ಕೊಡೆಯನ್ನೂ ಚಾಪೆಯನ್ನೂ ನಾನು ತರುತ್ತೇನೆ.